ಅಕ್ಕಿ ರೊಟ್ಟಿಯೋ ಮುದ್ದೆಯೋ, ಸಕ್ಕರೆಯೋ ಬೆಲ್ಲವೋ: ನಮ್ಮ ಕಡೆಯ ಊಟದಲ್ಲಿ ಕಾರ್ಬ್ ಇಳಿಸುವ ದಾರಿಗಳು

ನನ್ನ ತವರು ಮೂಡಿಗೆರೆ ಕಡೆ, ಕೊಟ್ಟಿದ್ದು ಅರಸೀಕೆರೆ ಕಡೆಗೆ, ಈಗ ಇರುವುದು ಹಾಸನದಲ್ಲಿ. ತವರಲ್ಲಿ ಬೆಳಗಾದರೆ ಅಕ್ಕಿ ರೊಟ್ಟಿ ಇಲ್ಲವೇ ಕಡುಬು. ಗಂಡನ ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಎರಡು ಮನೆಯಲ್ಲೂ ಶುಗರ್ ಇದೆ, ಅಮ್ಮನಿಗೆ ಹನ್ನೊಂದು ವರ್ಷದಿಂದ, ಮಾವನವರಿಗೆ ಆರು ವರ್ಷದಿಂದ. ಮೂರು ವರ್ಷದ ಹಿಂದೆ ನನ್ನ ಎಚ್‌ಬಿಎ1ಸಿ 6.1 ಬಂತು. ಈ ಪರೀಕ್ಷೆ ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. 5.7ರಿಂದ 6.4ರ ಒಳಗಿದ್ದರೆ ಅಂಚಿನಲ್ಲಿದ್ದೇವೆ ಅಂತ, 6.5 ಮುಟ್ಟಿದರೆ ಕಾಯಿಲೆ ಅಂತ ಲೆಕ್ಕ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ನನ್ನ ಹಾಗೆ ಅಂಚಿನಲ್ಲಿರುವವರು 13.6 ಕೋಟಿ. ಇಷ್ಟು ಜನರ ಮನೆಯಲ್ಲೂ ಅದೇ ಪ್ರಶ್ನೆಗಳು ಎದ್ದಿರುತ್ತವೆ. ಅಕ್ಕಿ ಬಿಟ್ಟು ರಾಗಿ ಹಿಡಿಯೋದಾ? ಸಕ್ಕರೆ ಬದಲು ಬೆಲ್ಲ ಆಗುತ್ತಾ? ಕಾರ್ಬ್, ಅಂದರೆ ಪಿಷ್ಟ ಸಕ್ಕರೆಗಳನ್ನು, ಬಹುತೇಕ ಬಿಡುವ ಕೀಟೋ ಪಥ್ಯ ಮಾಡಬಹುದಾ? ನಾನು ಡಾಕ್ಟರ್ ಅಲ್ಲ. ಆದರೆ ಮೂರು ವರ್ಷ ಎರಡು ಮನೆಯ ಊಟವನ್ನೂ ತಕ್ಕಡಿಯಲ್ಲಿಟ್ಟು ತೂಗಿದ್ದೇನೆ, ಅಮ್ಮನ ಬೆರಳು ಚುಚ್ಚಿ ಗ್ಲುಕೋಮೀಟರ್ ನೋಡಿದ್ದೇನೆ. ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಕಾಫಿ ಲೋಟ

ಅನ್ನ ಮುದ್ದೆಯ ಜಗಳಕ್ಕಿಂತ ಮುಂಚೆ ಕಾಫಿ ಲೆಕ್ಕ ಮಾಡಿ. ನಮ್ಮ ಕಡೆ ಎದ್ದ ಕೂಡಲೇ ಒಂದು, ತಿಂಡಿ ಆದ ಮೇಲೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ಒಂದು, ಯಾರಾದರೂ ಬಂದರೆ ಅವರ ಜೊತೆ ಇನ್ನೊಂದು. ಅಮ್ಮ ‘ನಾನು ಲೋಟಕ್ಕೆ ಒಂದೂವರೆ ಚಮಚ ಅಷ್ಟೇ’ ಅನ್ನುತ್ತಿದ್ದರು. ಒಂದು ದಿನ ಸಕ್ಕರೆ ಡಬ್ಬದಲ್ಲಿದ್ದ ಅದೇ ಚಮಚವನ್ನು ತೂಗಿ ನೋಡಿದೆ. ಚಾಕುವಿನಿಂದ ಮಟ್ಟ ಮಾಡಿದರೆ 5 ಗ್ರಾಂ, ಅಮ್ಮ ತೆಗೆಯುವ ಹಾಗೆ ಗುಡ್ಡೆ ಕಟ್ಟಿ ತೆಗೆದರೆ 8 ಗ್ರಾಂ. ಹಾಗಾಗಿ ಲೋಟಕ್ಕೆ 12 ಗ್ರಾಂ, ಐದು ಲೋಟಕ್ಕೆ 60 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ಬಿಸ್ಕತ್ತು, ಮೈಸೂರ್‌ಪಾಕು ಏನೂ ಬಾಯಿಗೆ ಹಾಕದೆ ಬರೀ ಕಾಫಿಯಲ್ಲೇ ಅಮ್ಮ ಅದನ್ನು ದಾಟಿದ್ದರು.

ಇಲ್ಲಿ ಎರಡು ದಾರಿ ಇವೆ. ಲೋಟ ಕಡಿಮೆ ಮಾಡಬಹುದು, ಇಲ್ಲವೇ ಲೋಟದೊಳಗಿನ ಸಕ್ಕರೆ ಕಡಿಮೆ ಮಾಡಬಹುದು. ಲೋಟ ಕಡಿಮೆ ಮಾಡುವುದು ನಮ್ಮ ಕಡೆ ನಡೆಯುವ ಮಾತಲ್ಲ. ಮನೆಗೆ ಬಂದವರ ಎದುರು ಕಾಫಿ ಬೇಡ ಅಂದರೆ ಮುನಿಸು. ಸಕ್ಕರೆಯನ್ನೇ ಇಳಿಸಿ, ಒಂದೇ ಸಲ ಬೇಡ. ಹತ್ತು ದಿನಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಬಂದರೆ ಎರಡು ತಿಂಗಳಲ್ಲಿ ನಾಲಿಗೆ ಗೊತ್ತಾಗದಂತೆ ಒಗ್ಗಿಕೊಳ್ಳುತ್ತದೆ. ಡಬ್ಬಕ್ಕೆ ಚಿಕ್ಕ ಚಮಚ ಹಾಕಿ, ಗುಡ್ಡೆ ಕಟ್ಟಬೇಡಿ.

ಕಾಫಿ ಬೆಳೆಯುವ ನಾಡಿನವರಿಗೆ ಇನ್ನೊಂದು ಅನುಕೂಲ ಇದೆ. ರೊಬಸ್ಟಾ ಕಹಿ ಜಾಸ್ತಿ, ಕೆಫೀನ್ ಕೂಡ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿ ಸೇರಿದರೆ ಕಹಿ ಇನ್ನೂ ಗಟ್ಟಿ. ಅರೇಬಿಕಾ ಹೆಚ್ಚು, ಚಿಕೋರಿ ಕಡಿಮೆ ಇರುವ ಪುಡಿ ಮಾಡಿಸಿಕೊಂಡರೆ ಸಕ್ಕರೆಯ ಅಗತ್ಯವೇ ತಗ್ಗುತ್ತದೆ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಚಿಕ್ಕಮಗಳೂರಲ್ಲೂ ಇದೆ, ಸಕಲೇಶಪುರದಲ್ಲೂ ಇದೆ, ಬಾಯಿಬಿಟ್ಟು ಕೇಳಿದರೆ ಬೇಕಾದ ಅಳತೆಯಲ್ಲಿ ಕೊಡುತ್ತಾರೆ. ಅಮ್ಮನ ಕಾಫಿಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಇದೇ. ಹಾಲಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 100 ಮಿಲಿ ಹಾಲಲ್ಲಿ ಇರುವ ಹಾಲಿನ ಸಕ್ಕರೆ ಸುಮಾರು 5 ಗ್ರಾಂ, ಲೋಟಕ್ಕೆ ಬೀಳುವುದು ಅದಕ್ಕಿಂತಲೂ ಕಡಿಮೆ.

ಸಕ್ಕರೆ, ಬೆಲ್ಲ, ಜೇನು, ಮಾತ್ರೆ

ಬೆಲ್ಲದ ಕಾಫಿ ನಮ್ಮ ಅಜ್ಜಿಯರ ಕಾಲದ್ದು, ಈಗ ಆರೋಗ್ಯದ ಹೆಸರಲ್ಲಿ ಹೊಸದಾಗಿ ಬಂದಿದೆ. ಜೋನಿ ಬೆಲ್ಲವನ್ನು ರೊಟ್ಟಿ ಮೇಲೆ ಸುರಿದುಕೊಂಡು ತಿಂದು ಬೆಳೆದವಳು ನಾನು, ಅದರ ರುಚಿಗೆ ಸಾಟಿಯಿಲ್ಲ. ಆದರೆ ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಕಬ್ಬಿಣ, ಪೊಟ್ಯಾಸಿಯಂ ಸ್ವಲ್ಪ ಇದೆ, ಆದರೆ ಎರಡು ಚಮಚ ಬೆಲ್ಲದಲ್ಲಿ ಸಿಗುವ ಕಬ್ಬಿಣಕ್ಕಿಂತ ಒಂದು ಹಿಡಿ ಹುರುಳಿಯಲ್ಲಿ ಸಿಗುವುದು ಹೆಚ್ಚು. ‘ಬೆಲ್ಲ ತಾನೇ’ ಅಂತ ಎರಡು ಉಂಡೆ ಜಾಸ್ತಿ ಹಾಕಿಕೊಂಡರೆ ಸಕ್ಕರೆಗಿಂತ ಕೆಟ್ಟದಾಗುತ್ತದೆ. ಜೇನಿನದೂ ಅದೇ ಕತೆ, ತೋಟದ ಪೆಟ್ಟಿಗೆಯಿಂದ ತೆಗೆದ ಅಪ್ಪಟ ಜೇನಾದರೂ ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರು ಈ ಮೂರನ್ನೂ ಒಂದೇ ಸಾಲಿನಲ್ಲಿ ಇಡಬೇಕು.

ಇನ್ನು ಸಕ್ಕರೆ ಬದಲು ಕಾಫಿಗೆ ಹಾಕುವ ಸಿಹಿಮಾತ್ರೆ. ತೂಕ ಇಳಿಸುವ ಸಲುವಾಗಿ ಅದನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆದರೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ನನ್ನ ಅಭಿಪ್ರಾಯ: ಸಕ್ಕರೆಯಿಂದ ಕೆಳಗಿಳಿಯುವಾಗ ಮೆಟ್ಟಿಲಾಗಿ ಕೆಲವು ವಾರ ಬಳಸಿದರೆ ತಪ್ಪಿಲ್ಲ. ಅದೇ ಸಿಹಿಯಲ್ಲಿ ನಿಂತುಬಿಟ್ಟರೆ ನಾಲಿಗೆಯ ಆಸೆ ಹಾಗೇ ಉಳಿಯುತ್ತದೆ.

ಅಕ್ಕಿ, ರಾಗಿ, ಗೋಧಿ, ಸಿರಿಧಾನ್ಯ

ಇಲ್ಲಿ ನಂಬಿಕೆಗಳು ಜಾಸ್ತಿ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ. ರಾಗಿಯಲ್ಲಿ ಕಾರ್ಬ್ ಸುಮಾರು 67, ನಾರು 11. ಗೋಧಿ ಹಿಟ್ಟು 64, ನಾರು 11ರ ಆಸುಪಾಸು. ನವಣೆ, ಸಾಮೆಯಂಥ ಸಿರಿಧಾನ್ಯಗಳು 60ರಿಂದ 70ರ ಒಳಗೆ. ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, 350 ಮಿಲಿಗ್ರಾಂ ದಾಟುತ್ತದೆ, ಅಕ್ಕಿ ಅದರ ಹತ್ತಿರವೂ ಸುಳಿಯುವುದಿಲ್ಲ. ಮೂಳೆಯ ವಿಷಯಕ್ಕೆ, ಹೊಟ್ಟೆಯ ವಿಷಯಕ್ಕೆ ರಾಗಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಬ್ ಲೆಕ್ಕಕ್ಕೆ ಬಂದರೆ ನಾಲ್ಕೂ ಅಣ್ಣತಮ್ಮಂದಿರು. ‘ರಾಗಿ ತಿಂದರೆ ಶುಗರ್ ಬರಲ್ಲ’ ಅನ್ನುವುದು ಸುಳ್ಳು. ನಮ್ಮ ಮಾವನವರೇ ಸಾಕ್ಷಿ.

ಅವರ ಒಂದು ಮುದ್ದೆ ತೂಗಿದೆ, 320 ಗ್ರಾಂ. ಅದರಲ್ಲಿ ಹಿಟ್ಟು ಸುಮಾರು 100 ಗ್ರಾಂ, ಮಿಕ್ಕಿದ್ದು ನೀರು. ಅಂದರೆ ಒಂದು ಮುದ್ದೆಗೆ 67 ಗ್ರಾಂ ಕಾರ್ಬ್. ತವರಿನ ಅಕ್ಕಿ ರೊಟ್ಟಿ, ಅಂಗೈ ಅಗಲಿಸಿ ಬಾಳೆಲೆ ಮೇಲೆ ತಟ್ಟಿದ್ದು, ಒಂದಕ್ಕೆ 70 ಗ್ರಾಂ ಹಿಟ್ಟು ಹಿಡಿಯುತ್ತದೆ, 55 ಗ್ರಾಂ ಕಾರ್ಬ್. ಎರಡು ತಿಂದರೆ 110. ಕೊಟ್ಟಿಗೆಹಾರದ ನೀರು ದೋಸೆ ಕಡೆಗೆ ಹೋದರಂತೂ ತೆಳ್ಳಗಿದೆ ಅಂತ ಎಂಟು ಇಳಿದಿದ್ದೇ ಗೊತ್ತಾಗುವುದಿಲ್ಲ. ಒಂದೊಂದರಲ್ಲಿ 15 ಗ್ರಾಂ ಅಂದರೂ ಎಂಟಕ್ಕೆ 120.

ಹಾಗಾದರೆ ಮುದ್ದೆ ಗೆದ್ದಿತಾ? ಮುದ್ದೆಯ ಗೆಲುವು ಹಿಟ್ಟಿನಲ್ಲಿ ಇರುವುದಕ್ಕಿಂತ ಸಾರಿನಲ್ಲಿದೆ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಅವರೆಕಾಳು ಸಾರು, ನಾಟಿಕೋಳಿ, ಯಾವುದನ್ನು ತೆಗೆದುಕೊಂಡರೂ ಸೊಪ್ಪು, ಕಾಳು, ಮಾಂಸ ಒಟ್ಟಿಗೆ ಬರುತ್ತದೆ. ಅಕ್ಕಿ ರೊಟ್ಟಿಗೆ ಕಾಯಿಚಟ್ನಿ, ಬೆಣ್ಣೆ, ಜೋನಿ ಬೆಲ್ಲ. ನೀರು ದೋಸೆಗೂ ಅದೇ. ಅಕ್ಕಿಯ ಪಕ್ಕದಲ್ಲಿ ತಡೆಯುವವರು ಯಾರೂ ಇರುವುದಿಲ್ಲ.

ಮುದ್ದೆ ಮನೆಗಳು ಗಮನಿಸದ ತಪ್ಪು ಒಂದಿದೆ. ಮುದ್ದೆ ಮುಗಿದ ಮೇಲೆ ಅದೇ ಸಾರಿಗೆ ಒಂದು ತಟ್ಟೆ ಅನ್ನ, ಆಮೇಲೆ ಮಜ್ಜಿಗೆಗೆ ಇನ್ನೊಂದು ಹಿಡಿ. ‘ನಾನು ಮುದ್ದೆ ಊಟ ಮಾಡೋದು’ ಅನ್ನುವವರು ಈ ಅನ್ನವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುದ್ದೆ ಮೇಲಿನ ಅನ್ನ ಬಿಟ್ಟರೆ ಸಾಕು, ಬೇರೇನೂ ಬದಲಿಸದೆ ಹೊತ್ತಿಗೆ 40, 50 ಗ್ರಾಂ ಕಾರ್ಬ್ ಕಳೆಯುತ್ತದೆ. ಅಕ್ಕಿಯವರು ಅಕ್ಕಿ ಬಿಟ್ಟು ರಾಗಿಗೆ ಹಾರುವುದಕ್ಕಿಂತ ಇದು ಸುಲಭ, ಫಲವೂ ಹೆಚ್ಚು.

ಸಿರಿಧಾನ್ಯಕ್ಕೆ ದುಡ್ಡು ಇದ್ದರೆ ತಿನ್ನಿ. ಆದರೆ ಅಂಗಡಿಯಲ್ಲಿ ಬೆಳ್ಳಗೆ ಪಾಲಿಶ್ ಆಗಿ ಬರುವುದರಲ್ಲಿ ನಾರು ಹೋಗಿರುತ್ತದೆ. ಅನ್ನವೇ ಬೇಕೆನ್ನುವವರಿಗೆ ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಕುಸುಬಲಕ್ಕಿ ಮೇಲು, ರಕ್ತದಲ್ಲಿ ಸಕ್ಕರೆ ಏರುವುದು ತುಸು ನಿಧಾನ. ಚಪಾತಿಯಲ್ಲಿ ನನಗೆ ಕಂಡ ಲಾಭ ಒಂದೇ, ಅದನ್ನು ಎಣಿಸಿ ತಿನ್ನುತ್ತೇವೆ.

ಅಮ್ಮನ ಮೇಲೆ ಮಾಡಿದ ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಭಾನುವಾರ ಎಂದಿನಂತೆ ಮೂರು ಕಡುಬು, ಕಾಯಿಚಟ್ನಿ. ಎರಡು ಗಂಟೆ ಬಿಟ್ಟು ನೋಡಿದರೆ 226. ಮುಂದಿನ ಭಾನುವಾರ ಅದೇ ಹೊತ್ತಿಗೆ, ಅದೇ ಮಾತ್ರೆಯ ಮೇಲೆ, ಒಂದೂವರೆ ಕಡುಬು, ದೊಡ್ಡ ಬಟ್ಟಲು ಮೊಳಕೆ ಹುರುಳಿ ಸಾರು, ಒಂದು ಬೇಯಿಸಿದ ಮೊಟ್ಟೆ. ಮೊದಲು ಕಾಳು, ಮೊಟ್ಟೆ ತಿಂದು ಆಮೇಲೆ ಕಡುಬಿಗೆ ಕೈ ಹಾಕಬೇಕು ಅಂತ ಕರಾರು. ತಿಂದ ಮೇಲೆ ಅಂಗಳದಲ್ಲಿ ಹದಿನೈದು ನಿಮಿಷ ಓಡಾಡಿದರು. ಬಂದಿದ್ದು 164. ಒಬ್ಬರ ಮೈಗೆ ಬಂದ ಲೆಕ್ಕ ಇನ್ನೊಬ್ಬರಿಗೆ ಹಾಗೇ ಬರುವುದಿಲ್ಲ, ನಿಜ. ಆದರೆ ಕಾಳು ತರಕಾರಿ ಮೊದಲು, ಪಿಷ್ಟ ಆಮೇಲೆ ಎಂಬ ಕ್ರಮದಿಂದ ಸಕ್ಕರೆಯ ಏರು ತಗ್ಗುತ್ತದೆ, ಊಟದ ನಂತರದ ನಡಿಗೆಯಿಂದಲೂ ತಗ್ಗುತ್ತದೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. ಕಡುಬು ಬಿಡು ಅಂದಿದ್ದರೆ ಅಮ್ಮ ಒಂದು ವಾರವೂ ಕೇಳುತ್ತಿರಲಿಲ್ಲ. ಅರ್ಧ ಮಾಡು ಅಂದಿದ್ದನ್ನು ಇವತ್ತಿಗೂ ನಡೆಸುತ್ತಿದ್ದಾರೆ.

ಎಷ್ಟರ ಮಟ್ಟಿಗೆ ಇಳಿಸುವುದು?

ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಶಕ್ತಿಯ ಸುಮಾರು ಶೇಕಡಾ 62 ಭಾಗ ಕಾರ್ಬ್‌ನಿಂದಲೇ ಬರುತ್ತದೆ. 2000 ಕ್ಯಾಲೊರಿಗೆ ದಿನಕ್ಕೆ 310 ಗ್ರಾಂ. ಧಾನ್ಯಗಳಿಂದ ಬರುವ ಶಕ್ತಿ ಶೇಕಡಾ 45 ಮೀರದಿರಲಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಬರೀ ಸಕ್ಕರೆ ಬಿಡುವುದು ಮೊದಲ ದಾರಿ. ಕಾಯಿಲೆ ಇಲ್ಲದ, ಹೊಟ್ಟೆ ಬಂದಿರದ ವಯಸ್ಸಿನವರಿಗೆ ಇಷ್ಟು ಸಾಕು. ಊಟ ಮುಟ್ಟುವುದೇ ಬೇಡ. ಕಾಫಿ, ಬಿಸ್ಕತ್ತು, ಬಾಟಲಿ ಪಾನೀಯ, ಬೇಕರಿ ತಿಂಡಿ, ಇಷ್ಟರ ಮೇಲೆ ಕಣ್ಣಿಡಿ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಬೇಡ.

ಎರಡನೆಯದು ಧಾನ್ಯ ಅರ್ಧ, ಕಾಳು ಸೊಪ್ಪು ಎರಡರಷ್ಟು. ದಿನಕ್ಕೆ 130ರಿಂದ 200 ಗ್ರಾಂ ಕಾರ್ಬ್‌ಗೆ ಬಂದು ನಿಲ್ಲುತ್ತೀರಿ. ಹೊತ್ತಿಗೆ ಒಂದು ರೊಟ್ಟಿ, ಅಥವಾ ಒಂದು ಚಿಕ್ಕ ಮುದ್ದೆ, ಅಥವಾ ಒಂದು ಬಟ್ಟಲು ಅನ್ನ. ಮೂರರಲ್ಲಿ ಒಂದು, ಎರಡಲ್ಲ. ಅಂಚಿನಲ್ಲಿರುವವರಿಗೆ, ತೂಕ ಇಳಿಸಬೇಕಾದವರಿಗೆ, ಮಾತ್ರೆಯಲ್ಲಿರುವ ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ. ನಾನು ಹಿಡಿದಿರುವುದೂ ಇದನ್ನೇ.

ಮೂರನೆಯದು ಕೀಟೋ, ದಿನಕ್ಕೆ 20ರಿಂದ 50 ಗ್ರಾಂ. ನಮ್ಮ ಒಂದು ಅಕ್ಕಿ ರೊಟ್ಟಿಗೇ ದಿನದ ಲೆಕ್ಕ ಮುಗಿಯಿತು. ಕಾಳುಗಳಲ್ಲೂ ಕಾರ್ಬ್ ಇರುವುದರಿಂದ ಹುರುಳಿ, ಅವರೆ ಕೂಡ ಅಳೆದು ತಿನ್ನಬೇಕು. ಮಾಂಸ ಮೊಟ್ಟೆ ತಿನ್ನದ ಮನೆಗೆ ಪನೀರ್, ತೆಂಗಿನಕಾಯಿ, ಶೇಂಗಾ ಬಿಟ್ಟರೆ ಉಳಿಯುವುದು ಸ್ವಲ್ಪವೇ. ಮೊದಲ ಆರು ತಿಂಗಳಲ್ಲಿ ಇದರ ಫಲ ಎದ್ದು ಕಾಣುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ವರ್ಷ ಕಳೆಯುವ ಹೊತ್ತಿಗೆ ಬೇರೆ ಪಥ್ಯಗಳಿಗೂ ಇದಕ್ಕೂ ಅಂತರ ತಗ್ಗುತ್ತದೆ, ಮುಖ್ಯವಾಗಿ ಜನ ಬಿಟ್ಟುಬಿಡುತ್ತಾರೆ. ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಡಾಕ್ಟರ್ ಕಣ್ಣಳತೆಯಲ್ಲಿ ಮಾಡುವವರು ಮಾಡಲಿ, ಮೊಬೈಲ್ ನೋಡಿಕೊಂಡು ಬೇಡ.

ಮಾತ್ರೆ ನುಂಗುವವರು ಇದನ್ನು ಓದದೆ ಶುರು ಮಾಡಬೇಡಿ

ಇದು ನನ್ನ ತಪ್ಪಿನ ಕತೆ. ಮೊದಲ ಉತ್ಸಾಹದಲ್ಲಿ ಅಮ್ಮನಿಗೆ ಬೆಳಗಿನ ರೊಟ್ಟಿಯನ್ನೇ ನಿಲ್ಲಿಸಿ ಎರಡು ಮೊಟ್ಟೆ, ಸೌತೆಕಾಯಿ ಕೊಟ್ಟೆ. ಮಾತ್ರೆ ಎಂದಿನಂತೆ ನುಂಗಿದರು. ಹನ್ನೊಂದರ ಹೊತ್ತಿಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವರು ಕಂಬ ಹಿಡಿದು ಕುಳಿತರು. ಮೈ ಬೆವರಿ ತೊಪ್ಪೆ, ಕೈ ನಡುಗುತ್ತಿತ್ತು, ನನ್ನ ಮಾತಿಗೆ ಸರಿಯಾದ ಉತ್ತರ ಇಲ್ಲ. ಮೀಟರ್‌ನಲ್ಲಿ 54. ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಿದಾಗ 82 ಆಗಿತ್ತು. ಆ ಹದಿನೈದು ನಿಮಿಷ ನಾನು ಮರೆಯುವುದಿಲ್ಲ.

ಗ್ಲಿಮಿಪಿರೈಡ್ ಜಾತಿಯ ಮಾತ್ರೆಗಳು, ಇನ್ಸುಲಿನ್, ಇವು ಊಟ ಕಡಿಮೆಯಾದರೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಅನ್ನ ಇಳಿಸುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಡೋಸ್ ಇಳಿಸಬೇಕಾ ಅಂತ ಕೇಳಬೇಕು. ಬರೀ ಮೆಟ್‌ಫಾರ್ಮಿನ್ ಇದ್ದರೆ ಈ ಭಯ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ ‘ಫ್ಲೋಜಿನ್’ ಅಂತ ಕೊನೆಯಾಗುವ ಮಾತ್ರೆ ತೆಗೆದುಕೊಳ್ಳುವವರು ಕೀಟೋ ತಂಟೆಗೆ ಹೋಗಲೇಬಾರದು. ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೆ ಬರುವ ಅಪಾಯ ಇದೆ, ಆಗ ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚು ಕಾಣದೆಯೂ ಇರಬಹುದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು, ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳು, ಇವರಿಗೆಲ್ಲ ಮನೆಯಲ್ಲೇ ಕುಳಿತು ಪಥ್ಯ ಕಟ್ಟುವಂತಿಲ್ಲ.

ಅರ್ಧ ತಟ್ಟೆ ತುಂಬಿಸಲು ನಮ್ಮಲ್ಲೇ ಇರುವುದು

ಧಾನ್ಯ ಅರ್ಧ ಮಾಡಿದರೆ ಹೊಟ್ಟೆ ಹಸಿಯುತ್ತದೆ, ಆ ಜಾಗಕ್ಕೆ ಏನು? ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಇದೆ, ಅಣಬೆ ಇದೆ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿಡಬೇಕು, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ, ಅಜ್ಜಿಯರು ಸುಮ್ಮನೆ ನೆನೆಸುತ್ತಿರಲಿಲ್ಲ. ಆಮೇಲೆ ಹೆಸರುಕಾಳು ಸೇರಿಸಿ ಪಲ್ಯ ಮಾಡಿದರೆ ಒಂದು ರೊಟ್ಟಿಗೇ ಊಟ ತೃಪ್ತಿ. ಬಾಳೆದಿಂಡು, ನುಗ್ಗೆಸೊಪ್ಪು, ಚಳಿಗಾಲದ ಅವರೆ, ಘಟ್ಟದ ಕೆಳಗಿನಿಂದ ಬರುವ ಬಂಗುಡೆ, ಬೂತಾಯಿ. ಒಣ ಹುರುಳಿಕಾಳಿನ ನೂರು ಗ್ರಾಂಗೆ ಪ್ರೋಟೀನ್ 22 ಗ್ರಾಂ ಹತ್ತಿರ ಇದೆ, ಅದರ ಬೆಲೆಗೆ ಅಷ್ಟು ಪ್ರೋಟೀನ್ ಕೊಡುವುದು ಅಪರೂಪ ಅಂತಲೇ ಹೇಳಬೇಕು.

ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆ ಹಣ್ಣನ್ನು ನಾವು ಹಾಲು ಸಕ್ಕರೆ ಹಾಕಿ ಜ್ಯೂಸ್ ಮಾಡಿ ಹಾಳು ಮಾಡುತ್ತೇವೆ. ಕಾರ್ಬ್ ತೀರಾ ಕಡಿಮೆ ಇರುವ ಅಪರೂಪದ ಹಣ್ಣದು. ಹೋಳು ಮಾಡಿ ಉಪ್ಪು, ನಿಂಬೆರಸ, ಆಗ ಕುಟ್ಟಿದ ತೋಟದ ಕಾಳುಮೆಣಸು ಹಾಕಿ ತಿನ್ನಿ. ಹಲಸಿನ ಹಣ್ಣಿನ ಕಾಲದಲ್ಲಿ ಮೂರು ನಾಲ್ಕು ತೊಳೆ, ಅದೂ ಅನ್ನದ ಹೊತ್ತಿನಲ್ಲಿ ಅಲ್ಲ.

ಹಾಸನದಲ್ಲಿದ್ದುಕೊಂಡು ಆಲೂಗಡ್ಡೆಯ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಆಲೂಗಡ್ಡೆ ಬೆಳೆಗೆ ಹೆಸರಾದ ಜಿಲ್ಲೆ ನಮ್ಮದು. ಆಲೂಗಡ್ಡೆಯನ್ನು ದೂರ ಇಡಬೇಕಿಲ್ಲ, ತರಕಾರಿ ಸಾಲಿನಿಂದ ತೆಗೆದು ಧಾನ್ಯದ ಸಾಲಿಗೆ ಹಾಕಿದರೆ ಸಾಕು. 100 ಗ್ರಾಂಗೆ 15 ಗ್ರಾಂ ಚಿಲ್ಲರೆ ಕಾರ್ಬ್. ಅನ್ನಕ್ಕೆ ಆಲೂಗಡ್ಡೆ ಪಲ್ಯ ಮಾಡಿಕೊಂಡರೆ ಅನ್ನಕ್ಕೆ ಅನ್ನವನ್ನೇ ಕಲಸಿದ ಹಾಗೆ.

ಯಾವ ದಾರಿ ಹಿಡಿದರೂ ಮೂರು ತಿಂಗಳು ಅದರಲ್ಲೇ ಇದ್ದು ಆಮೇಲೆ ಎಚ್‌ಬಿಎ1ಸಿ ಮಾಡಿಸಿ, ವಾರಕ್ಕೊಂದು ಪಥ್ಯ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ತಪಾಸಣೆ ಉಚಿತ, ಅಲ್ಲಿಂದಲೇ ಶುರು ಮಾಡಬಹುದು. ನನ್ನದು 6.1ರಿಂದ ಎಂಟು ತಿಂಗಳಲ್ಲಿ 5.6ಕ್ಕೆ ಬಂತು. ಅಮ್ಮನದು 8.3ರಿಂದ 7.1ಕ್ಕೆ ಇಳಿದು, ಡಾಕ್ಟರ್ ಒಂದು ಮಾತ್ರೆ ಅರ್ಧ ಮಾಡಿದ್ದಾರೆ. ಮಾವನವರು ಮುದ್ದೆ ಮೇಲಿನ ಅನ್ನವನ್ನು ರಾತ್ರಿ ಬಿಟ್ಟಿದ್ದಾರೆ, ಮಧ್ಯಾಹ್ನದ್ದು ಇನ್ನೂ ಬಿಟ್ಟಿಲ್ಲ. ಅವರ ಮುಂದಿನ ಪರೀಕ್ಷೆ ಯುಗಾದಿ ಕಳೆದ ಮೇಲೆ.